ಶೆಡ್ಡು ಹೊಸದಾಯಿತು, ಅಂಬರಗುಬ್ಬಿ ಬರುವುದನ್ನು ನಿಲ್ಲಿಸಿತು. ಏನು ಮಾಡಲಿ?

ಕಣದಮನೆ, ಮಡಿಕೇರಿ (ಜನವರಿ 9)

ಮೆಣಸಿನ ಬೆಲೆ ಬಿಟ್ಟು ಬೇರೆ ವಿಷಯಕ್ಕೆ ನಾನು ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ನಗುವವರು ನಗಲಿ.

ನಮ್ಮದು ಗಾಳಿಬೀಡಿನ ಕಡೆ ಒಂಬತ್ತು ಎಕರೆ ಕಾಫಿ ತೋಟ. ಮನೆಯ ಹಿಂದೆ ಕಣ, ಕಣದ ಅಂಚಿಗೆ ಒಂದು ಶೆಡ್ಡು. ಏಣಿ, ಕತ್ತಿ, ಗೋಣಿಚೀಲ, ಸ್ಪ್ರೇ ಕ್ಯಾನು, ಮೈಲುತುತ್ತ, ಕೆಟ್ಟುಹೋದ ಪಲ್ಪರಿನ ಒಂದು ಚಕ್ರ, ಹೀಗೆ ಎಸೆಯಲು ಮನಸ್ಸು ಬಾರದ ಎಲ್ಲ ಸಾಮಾನಿಗೂ ಅದೇ ಗತಿ. ಹಳೆಯ ಶೆಡ್ಡಿಗೆ ಮಣ್ಣಿನ ಗೋಡೆ, ಮಂಗಳೂರು ಹೆಂಚು, ಹಲಗೆ ಬಾಗಿಲು. ನಾನು 1991ರಲ್ಲಿ ಮದುವೆಯಾಗಿ ಬಂದಾಗಲೇ ಅದರ ನಡುತೊಲೆಗೆ ಅಂಟಿಕೊಂಡು ಒಂದು ಮಣ್ಣಿನ ಗೂಡಿತ್ತು. ಅರ್ಧ ಕರಟದಷ್ಟು ಗಾತ್ರ. ಹೊರಮೈ ತುಂಬ ಮೆಣಸಿನಕಾಳಿಗಿಂತ ತುಸು ದೊಡ್ಡದಾದ ಮಣ್ಣಿನ ಉಂಡೆಗಳು. ಒಳಗೆ ನಮ್ಮದೇ ಕೋಳಿಗಳ ಪುಕ್ಕ. ಪ್ರತಿ ಬೇಸಿಗೆಯಲ್ಲಿ ಒಂದು ಜೋಡಿ ಅಂಬರಗುಬ್ಬಿ (ಇಂಗ್ಲಿಷಿನ ಸ್ವಾಲೋ) ಬಂದು, ಅಂಚು ಸರಿಮಾಡಿಕೊಂಡು, ಮರಿ ಮಾಡಿ ಹೋಗುತ್ತಿತ್ತು.

ನಮ್ಮ ಮಾವ ಬಾಗಿಲಿನ ಮೇಲಿನ ಹಲಗೆಯೊಂದನ್ನು ಇವುಗಳಿಗಾಗಿಯೇ ಕೀಳಿಸಿದ್ದರು. ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಒಮ್ಮೆ ಆ ಸಂದಿ ಮುಚ್ಚಿಸುತ್ತೇನೆ ಎಂದಾಗ, "ಹಾಗಾದರೆ ಅವಕ್ಕೆ ಒಂದು ಬೀಗದ ಕೈ ಮಾಡಿಸಿಕೊಡು" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

2018ರ ಆಗಸ್ಟಿನ ಮಳೆ, ಭೂಕುಸಿತದಲ್ಲಿ ನಮ್ಮ ಸುತ್ತ ಏನೇನಾಯಿತು ಎಂದು ಹೇಳಬೇಕಾಗಿಲ್ಲ. ನಮ್ಮ ಮನೆ ಉಳಿಯಿತು. ಶೆಡ್ಡಿನ ಹಿಂದಿನ ಬರೆ (ಮಣ್ಣಿನ ದಿಬ್ಬ) ಕುಸಿದು ಮಣ್ಣಿನ ಗೋಡೆ, ಹೆಂಚು, ತೊಲೆ ಎಲ್ಲ ಒಟ್ಟಿಗೆ ಕೂತುಬಿಟ್ಟವು. ಮರುವರ್ಷ ಕಟ್ಟಿಸಿದೆವು. ಹಾಲೋ ಬ್ಲಾಕ್ ಗೋಡೆ, ಕಬ್ಬಿಣದ ಪೈಪಿನ ಟ್ರಸ್, ಮೇಲೆ ಶೀಟು, ಮುಂದೆ ರೋಲಿಂಗ್ ಶಟರ್. ಸಾಲ ಹೇಗೂ ತೆಗೆದದ್ದಾಯಿತು ಎಂದು ಅದೇ ಉಸಿರಿಗೆ ಕಣಕ್ಕೆ ಸಿಮೆಂಟು, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದೆವು. ಆಮೇಲೆ ಒಂದು ಬೇಸಿಗೆಯಲ್ಲೂ ಅಂಬರಗುಬ್ಬಿ ಗೂಡು ಕಟ್ಟಿಲ್ಲ. ಮಾವ ತೀರಿಕೊಂಡದ್ದೂ ಅದೇ ವರ್ಷ. ಹಕ್ಕಿ ಯಾಕೆ ಬರಲಿಲ್ಲ ಎಂದು ಕೊನೆಯ ತಿಂಗಳಲ್ಲೂ ಕೇಳುತ್ತಿದ್ದರು. ಶೆಡ್ಡು ಒಣಗಲಿ ಮಾವ, ಬರುತ್ತವೆ ಎಂದು ನಾನು ಹೇಳುತ್ತಿದ್ದೆ.

ಶಟರನ್ನು ತೆರೆದಿಡಿ ಎನ್ನಬೇಡಿ. ಮೆಣಸು ಕೊಯ್ದು ಒಣಗಿಸಿ ಮೂಟೆ ಕಟ್ಟುವ ಕಾಲವೂ, ಇವು ಗೂಡು ಕಟ್ಟುವ ಕಾಲವೂ ಒಂದೇ. ನಮ್ಮ ಪಕ್ಕದ ಓಣಿಯಲ್ಲಿ ಕಳೆದ ವರ್ಷ ಒಂದೇ ರಾತ್ರಿ ನಾಲ್ಕು ಮೂಟೆ ಹೋಗಿದೆ.

ಇಲ್ಲಿಯವರೆಗೆ ಮಾಡಿರುವ ಪ್ರಯತ್ನಗಳು: ಗುಬ್ಬಚ್ಚಿ ದಿನದಂದು ಮಾರುವ ದುಂಡು ತೂತಿನ ಮರದ ಪೆಟ್ಟಿಗೆ ತಂದು ಟ್ರಸ್ಸಿಗೆ ಕಟ್ಟಿದೆ. ಅದರೊಳಗೆ ಈಗ ಜೇಡ ಇದೆ. ತಟ್ಟೆಯಲ್ಲಿ ನವಣೆ ಇಟ್ಟೆ, ಇಲಿ ತಿಂದಿತು. ನವೆಂಬರಿನಲ್ಲಿ ನಮ್ಮ ಗೇಟಿನ ಮುಂದಿನ ಕರೆಂಟು ತಂತಿಯ ಮೇಲೆ ನೂರಾರು ಅಂಬರಗುಬ್ಬಿ ಕೂತಿರುತ್ತವೆ. ಅಷ್ಟರಲ್ಲಿ ಒಂದು ಜೋಡಿಗಾದರೂ ಮನಸ್ಸು ಬರಬಾರದೇ? ತಿಳಿದವರು ಹೇಳಿ.


ದುರ್ಬೀನು, ಮೈಸೂರು (ಜನವರಿ 9)

ಅಕ್ಕಾ, ಮೊದಲು ಆ ತಂತಿಯ ಮೇಲಿನ ನೂರಾರನ್ನು ಬಿಟ್ಟುಬಿಡಿ. ಅವು ನೆಂಟರು. ಸೆಪ್ಟೆಂಬರ್‌–ಅಕ್ಟೋಬರಿನಲ್ಲಿ ಬಂದು ಮಾರ್ಚ್‌–ಏಪ್ರಿಲ್ ಹೊತ್ತಿಗೆ ಉತ್ತರಕ್ಕೆ ಹೊರಟುಹೋಗುತ್ತವೆ. ಹಿಮಾಲಯದಲ್ಲಿ, ಅದರಾಚೆಯ ನಾಡುಗಳಲ್ಲಿ ಗೂಡು ಕಟ್ಟುತ್ತವೆಯೇ ಹೊರತು ಕರ್ನಾಟಕದಲ್ಲಿ ಕಟ್ಟುವುದಿಲ್ಲ. ನೀವು ಅರಮನೆ ಕಟ್ಟಿಸಿಕೊಟ್ಟರೂ ಕಟ್ಟುವುದಿಲ್ಲ.

ನಿಮ್ಮ ಮಾವನವರ ಹಕ್ಕಿ ಬೇರೆ ಇರಬೇಕು. ಒಂದೆರಡು ಪ್ರಶ್ನೆ. ಗೂಡಿನ ಬಾಯಿ ಪೂರ್ತಿ ತೆರೆದಿತ್ತೋ, ಅಥವಾ ಹೂಜಿಯ ಹಾಗೆ ಉದ್ದ ಕೊಳವೆಯ ದಾರಿ ಇತ್ತೋ? ಹಕ್ಕಿಯ ಗಂಟಲು ಯಾವ ಬಣ್ಣ? ಗಂಟಲಿಗೂ ಎದೆಗೂ ನಡುವೆ ಕಡುನೀಲಿ ಪಟ್ಟಿ ಇತ್ತೇ? ಬಾಲದಲ್ಲಿ ಉದ್ದನೆಯ ಎರಡು ಎಳೆಗಳಿದ್ದವೇ? ಅದು ತಂತಿಯ ಮೇಲೆ ಕೂರುತ್ತಿತ್ತೇ? ಕೊನೆಯದನ್ನು ಯಾಕೆ ಕೇಳುತ್ತಿದ್ದೇನೆಂದರೆ, ಬಾನಾಡಿಯನ್ನು (ಇಂಗ್ಲಿಷಿನ ಸ್ವಿಫ್ಟ್) ನೋಡಿ ಅಂಬರಗುಬ್ಬಿ ಎನ್ನುವವರು ತುಂಬ ಜನ. ಬಾನಾಡಿಯ ಕಾಲು ಗೋಡೆಗೆ ಜೋತುಬೀಳಲು ಆಗುತ್ತದೆ, ತಂತಿಯ ಮೇಲೆ ಕೂರಲು ಆಗುವುದಿಲ್ಲ.

ನವಣೆಯ ವಿಷಯ: ಇವು ಕಾಳು ಮುಟ್ಟುವ ಜಾತಿಯಲ್ಲ. ಹಾರುತ್ತಲೇ ಹುಳು ಹಿಡಿದು ತಿನ್ನುವವು. ಪೆಟ್ಟಿಗೆಯೊಳಗೂ ಹೋಗುವುದಿಲ್ಲ. ಹೆಸರಿನಲ್ಲಿ ಗುಬ್ಬಿ ಇದ್ದ ಮಾತ್ರಕ್ಕೆ ಗುಬ್ಬಿಯಾಗುವುದಿಲ್ಲ. ನಾನಂತೂ ಇದಕ್ಕೆ ಕವಲುತೋಕೆ ಎನ್ನುವುದನ್ನೇ ಮೆಚ್ಚುತ್ತೇನೆ.


ಕಣದಮನೆ, ಮಡಿಕೇರಿ (ಜನವರಿ 10)

ನೆಂಟರೆಂದು ತಿಳಿಯದೆ ಐದಾರು ವರ್ಷ ಆಸೆಯಿಂದ ನೋಡಿದೆನಲ್ಲ!

ಗೂಡು ಬಟ್ಟಲಿನ ಹಾಗೆ ತೆರೆದಿತ್ತು, ಕೊಳವೆ ಇರಲಿಲ್ಲ. ಹಕ್ಕಿಯ ಬೆನ್ನು ಎಣ್ಣೆ ಹಚ್ಚಿದ ಕಪ್ಪುನೀಲಿ. ಹಣೆ, ಗಂಟಲು ಇಟ್ಟಿಗೆ ಬಣ್ಣ. ಹೊಟ್ಟೆ ಬೆಳ್ಳಗಿರಲಿಲ್ಲ, ಮಾಸಿದ ಪಂಚೆಯ ಬಣ್ಣ. ಪಟ್ಟಿ ನೋಡಿದ ನೆನಪಿಲ್ಲ. ಬಾಲದ ಎಳೆಯೂ ಇರಲಿಲ್ಲ, ಸಣ್ಣ ಕವಲು ಅಷ್ಟೇ. ಕಣದ ಬಟ್ಟೆ ತಂತಿಯ ಮೇಲೆ ಕೂತು ನನ್ನನ್ನೇ ಬೈಯುತ್ತಿತ್ತು, ಆದ್ದರಿಂದ ಬಾನಾಡಿ ಅಲ್ಲ. ಇನ್ನೊಂದು ಮಾತು. ಜೂನಿನ ಮಳೆಯಲ್ಲೂ ನೋಡಿದ್ದೇನೆ.


ದುರ್ಬೀನು, ಮೈಸೂರು (ಜನವರಿ 10)

ಮಾಸಿದ ಪಂಚೆ ಎಂದಿರಲ್ಲ, ಅದರಲ್ಲೇ ಗೊತ್ತಾಯಿತು. ಅದು ಬೆಟ್ಟದ ಕವಲುತೋಕೆ, ಇಂಗ್ಲಿಷಿನಲ್ಲಿ ಹಿಲ್ ಸ್ವಾಲೋ. ಹಿಂದೆ ಪೆಸಿಫಿಕ್ ಸ್ವಾಲೋ ಎಂಬ ಹಕ್ಕಿಯ ಒಂದು ಬಗೆ ಎಂದು ಸೇರಿಸಿದ್ದರು, ಈಗ ಬೇರೆ ಎಂದು ಎಣಿಸುತ್ತಾರೆ. ದಕ್ಷಿಣ ಭಾರತದ ಬೆಟ್ಟಸೀಮೆ ಮತ್ತು ಶ್ರೀಲಂಕಾ ಇದರ ಊರು. ನೀಲಗಿರಿ, ಮುನ್ನಾರ್, ನಿಮ್ಮ ಕೊಡಗು. ವರ್ಷವಿಡೀ ಅಲ್ಲೇ ಇರುತ್ತದೆ, ವಲಸೆ ಹೋಗುವುದಿಲ್ಲ. ಫೆಬ್ರುವರಿ–ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಗೂಡಿನ ಕೆಲಸ. ಎರಡೋ ಮೂರೋ ಮೊಟ್ಟೆ. ಮನುಷ್ಯರ ಸೂರಿನಡಿ ಕಟ್ಟುವುದು ಅದಕ್ಕೆ ಮಾಮೂಲು. ಜಗಲಿ, ತೋಟದ ಕೆಲಸಗಾರರ ಲೈನ್ ಮನೆ, ಮೋರಿಯ ಕೆಳಗೆ, ಎಲ್ಲಾದರೂ ಸರಿ.

ಅಂದರೆ ನಿಮ್ಮ ಹಕ್ಕಿ ದೂರ ಹೋಗಿಲ್ಲ. ನಿಮ್ಮ ತೋಟದ ಮೇಲೆಯೇ ಹಾರುತ್ತಿರಬೇಕು. ಮನೆ ಮಾತ್ರ ಬೇರೆ ಹುಡುಕಿಕೊಂಡಿದೆ. ಗೂಡು ಕಟ್ಟಿದ ಮೇಲೆ ಯಾರಾದರೂ ಗಲೀಜೆಂದು ಕೋಲು ಹಾಕಲು ಬಂದರೆ ಹೇಳಿ: 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಎಂಬ ಪದದ ವಿವರಣೆಯೊಳಗೇ ಕಾಡುಹಕ್ಕಿಯ ಮೊಟ್ಟೆ ಹಾಳುಮಾಡುವುದು, ಗೂಡು ಕೆದಕುವುದು ಎರಡೂ ಸೇರಿವೆ.


ದೂರದೂರಿನವ, ಇಂಗ್ಲೆಂಡ್ (ಜನವರಿ 11)

ನಾನು ಹಾಸನದವನು, ಸಾಮರ್‌ಸೆಟ್‌ಗೆ ಬಂದು ಹದಿನಾಲ್ಕು ವರ್ಷ. ಇಲ್ಲಿ ಗೂಡು ಕಟ್ಟುವುದು ನಿಮ್ಮ ತಂತಿಯ ಮೇಲಿನ ನೆಂಟನ ಜಾತಿಯದೇ. ಇಲ್ಲಿನವು ಚಳಿಗಾಲಕ್ಕೆ ಭಾರತಕ್ಕೆ ಬರುವುದಿಲ್ಲ, ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತವೆ. ಹೆಚ್ಚುಕಡಿಮೆ ಹತ್ತು ಸಾವಿರ ಕಿಲೋಮೀಟರ್ ದಾರಿ. ಏಪ್ರಿಲಿನಲ್ಲಿ ಹಿಂದಿರುಗಿ ಬಂದಾಗ ತೋಟದ ಶೆಡ್ಡಿಗೆ ಬೀಗ ಹಾಕಿದ್ದರೆ ಅವುಗಳ ಅವಸ್ಥೆ ಊಹಿಸಿಕೊಳ್ಳಿ. ಆದ್ದರಿಂದ ಈ ತಲೆನೋವು ಇಲ್ಲಿ ಹಳೆಯದು, ಮದ್ದೂ ಇದೆ.

ಬಾಗಿಲು ಮುಚ್ಚಿಕೊಳ್ಳಿ, ತೊಂದರೆಯಿಲ್ಲ. ಮೇಲುಗಡೆ ಐದು ಸೆಂಟಿಮೀಟರ್ ಎತ್ತರ, ಏಳು ಸೆಂಟಿಮೀಟರ್ ಅಗಲದ ಕಿಂಡಿ ಸಾಕು. ಹಕ್ಕಿ ವೇಗ ತಗ್ಗಿಸದೆ ಒಳಗೆ ನುಗ್ಗುವುದನ್ನು ನೋಡಿದರೆ ನಂಬಿಕೆ ಬರುವುದಿಲ್ಲ. ಅಷ್ಟು ಕಿಂಡಿಯಲ್ಲಿ ಕಳ್ಳನ ಕೈ ತೂರಬಹುದು, ಮೂಟೆ ತೂರದು. ಕಾಗೆ ಕೂಡ ತೂರದು.

ನಾನು ಮಾಡಿದ್ದು ಇಷ್ಟು. ತೊಲೆಯ ಪಕ್ಕಕ್ಕೆ ಒರಟು ಹಲಗೆ ಬಡಿದು, ಅದಕ್ಕೆ ಅರ್ಧ ತೆಂಗಿನ ಕರಟವನ್ನು ಬಟ್ಟಲಿನ ಹಾಗೆ ಕೂರಿಸಿದೆ. ಇಲ್ಲಿ ತೆಂಗಿನಕಾಯಿಗೆ ಕೊಟ್ಟ ದುಡ್ಡಿನಲ್ಲಿ ಹಾಸನದಲ್ಲಿ ಒಂದು ಗೊನೆ ಬರುತ್ತಿತ್ತು, ಅದು ಬೇರೆ ಮಾತು. ಮೇಲ್ಛಾವಣಿಗೂ ಬಟ್ಟಲಿಗೂ ನಾಲ್ಕು ಬೆರಳು ಅಂತರವಿರಲಿ. ಹಿಕ್ಕೆ ಬೀಳುವ ಕಡೆ ಒಂದು ಹಲಗೆ ಕಟ್ಟಿ, ಆದರೆ ಗೂಡಿಗೆ ತೀರಾ ಹತ್ತಿರ ಬೇಡ, ಬೆಕ್ಕು ಕೂರುವ ಮಣೆಯಾದೀತು. ನನ್ನದು ಮೂರಡಿ ಕೆಳಗಿದೆ.

ಎರಡು ಬೇಸಿಗೆ ಕಾದೆ, ಮೂರನೆಯದರಲ್ಲಿ ಬಂದವು. ಬಂದ ಮೇಲೆ ನನ್ನ ಶೆಡ್ಡು ನನ್ನದಾಗಿ ಉಳಿಯಲಿಲ್ಲ. ಇಲ್ಲಿ 1981ರ ಕಾಯ್ದೆಯ ಪ್ರಕಾರ ಹಕ್ಕಿಯಿರುವ ಗೂಡನ್ನು ಮುಟ್ಟುವ ಹಾಗಿಲ್ಲ. ಹುಲ್ಲು ಕತ್ತರಿಸುವ ಯಂತ್ರವನ್ನು ತರಲು ಹೋಗುವಾಗಲೂ ಕೆಮ್ಮಿಕೊಂಡು ಹೋಗುತ್ತೇನೆ.


ಒಂದು ಮೂಟೆ, ಸಕಲೇಶಪುರ (ಜನವರಿ 11)

ಎಲ್ಲರೂ ಹಕ್ಕಿಯ ಪರವೇ ಮಾತನಾಡುತ್ತಿರುವುದರಿಂದ ಮೂಟೆಯ ಪರ ನಾನೊಬ್ಬ ಇರಲಿ. ಅಮ್ಮಾ, ನೀವು ಮೆಣಸು ಇಡುವ ಶೆಡ್ಡಿನೊಳಗೆ ಗೂಡು ಬೇಡ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿಬೀಜ) ಇಟ್ಟರಂತೂ ಖಂಡಿತ ಬೇಡ. ಕಾಫಿ ಬೇಗ ವಾಸನೆ ಹೀರುತ್ತದೆ, ಮೆಣಸಿನ ಮೇಲೆ ಹಿಕ್ಕೆ ಬಿದ್ದರೆ ಆಮೇಲೆ ತೊಳೆಯಲು ಆಗುತ್ತದೆಯೇ? ನಾನೂ ಒಂದು ವರ್ಷ ದಾಕ್ಷಿಣ್ಯ ನೋಡಿದೆ. ಮರಿಗಳು ಗೂಡಿನ ಅಂಚಿಗೆ ಹಿಂಬದಿ ತಿರುಗಿಸಿ ಕೂರುವ ಆ ಕೊನೆಯ ಎರಡು ವಾರ, ಕೆಳಗಿದ್ದ ತಾಡಪಾಲಿನ ಮೇಲೆ ಸುಣ್ಣ ಬಳಿದ ಹಾಗಾಗಿತ್ತು. ಮನೆಯ ಜಗಲಿಯಲ್ಲಿ ಕಟ್ಟಿಕೊಳ್ಳಲಿ, ನೋಡಲೂ ಚೆಂದ. ಗೋದಾಮು ಗೋದಾಮಾಗಿರಲಿ.

ಇನ್ನೊಂದು. ಮೈಲುತುತ್ತ, ಕೀಟನಾಶಕ ಇಡುವ ಮೂಲೆಯೂ ಅದೇ ಶೆಡ್ಡು ಎಂದು ಬರೆದಿದ್ದೀರಿ. ಅದನ್ನು ಹಕ್ಕಿಗಾಗಿ ಅಲ್ಲ, ನಿಮಗಾಗಿಯೇ ಮೊದಲು ಬೇರೆ ಮಾಡಿ.


ಗಾರೆ ಕೆಲಸ, ಶಿರಸಿ (ಜನವರಿ 12)

ನಾನು ಮೂವತ್ತು ವರ್ಷದಿಂದ ಗಾರೆ ಕೆಲಸ ಮಾಡುವವನು. ಹಕ್ಕಿಯ ಹೆಸರು ಗೊತ್ತಿಲ್ಲ, ಕಟ್ಟಡ ಗೊತ್ತು.

ಅಕ್ಕಾವರೇ, ಉತ್ತರ ನಿಮ್ಮ ಮೊದಲ ಪತ್ರದಲ್ಲೇ ಇದೆ, ಯಾರೂ ನೋಡಲಿಲ್ಲ. ಕಣಕ್ಕೆ ಸಿಮೆಂಟು, ಅಂಗಳಕ್ಕೆ ಇಂಟರ್‌ಲಾಕ್. ಬಾಗಿಲಿನ ಮಾತು ಆಮೇಲೆ. ಮೊದಲು ಆ ಹಕ್ಕಿಗೆ ಮಣ್ಣು ಎಲ್ಲಿದೆ? ನೀವು ಸೆಗಣಿ ಸಾರಿಸುತ್ತಿದ್ದ ಕಣದ ಅಂಚಿನಲ್ಲಿ ನೀರು ಚೆಲ್ಲಿ ಸದಾ ಒಂದಿಷ್ಟು ಕೆಸರು ಇದ್ದಿರಬೇಕು. ಬಚ್ಚಲ ನೀರು ಹೋಗುವ ಕಾಲುವೆಯೂ ಮಣ್ಣಿನದೇ ಇದ್ದಿರಬೇಕು, ಈಗ ಅದಕ್ಕೂ ಪೈಪು ಹಾಕಿರುತ್ತೀರಿ. ಫೆಬ್ರುವರಿ, ಮಾರ್ಚಿನಲ್ಲಿ ಕಾಫಿ ಹೂವರಳಿಸುವ ಹೂಮಳೆ ಬೀಳುವ ಮೊದಲು ನಿಮ್ಮ ಕಡೆ ನೆಲವೆಲ್ಲ ಧೂಳು. ಗದ್ದೆಯನ್ನೂ ಈಗ ಬಹಳ ಜನ ಪಾಳು ಬಿಟ್ಟಿದ್ದಾರೆಂದು ಕೇಳಿದ್ದೇನೆ. ಜಾಗ, ಕಿಟಕಿ, ಸೂರು ಎಲ್ಲ ಕೊಟ್ಟು ಸಾಮಗ್ರಿಯೇ ಇಲ್ಲವೆಂದರೆ ಮೇಸ್ತ್ರಿ ಬಂದು ಏನು ಮಾಡಬೇಕು?

ನಮ್ಮ ಕಡೆ ಮೋರಿಯ ಕೆಲಸಕ್ಕೆ ಹೋದಾಗ ಇನ್ನೊಂದು ಜಾತಿಯದನ್ನು ಹತ್ತಿರದಿಂದ ನೋಡಿದ್ದೇನೆ. ಮೈಸೂರಿನವರು ಹೇಳಿದ ಹೂಜಿ ಗೂಡಿನದು. ಸೊಂಟದ ಹಿಂದೆ ಕೆಂಪಗಿರುತ್ತದೆ. ಅದರ ಕೆಲಸ ನೋಡಿ ನಾಚಿಕೆಯಾಯಿತು. ಒಂದೇ ದಿನ ಎತ್ತರಿಸಲು ಹೋಗುವುದಿಲ್ಲ. ಬೆಳಿಗ್ಗೆ ಒಂದು ವರಸೆ ಇಟ್ಟು, ಒಣಗಲು ಬಿಟ್ಟು, ಮತ್ತೆ ಮುಂದಿನ ವರಸೆ. ಹಸಿಯ ಮೇಲೆ ಹಸಿ ಹಾಕಿದರೆ ಭಾರಕ್ಕೆ ಜಾರುತ್ತದೆ ಎಂದು ಅದಕ್ಕೆ ಗೊತ್ತು. ನಮ್ಮ ಹುಡುಗರಿಗೆ ಹತ್ತು ಸಲ ಹೇಳಬೇಕು.

ಮಣ್ಣು ಎಂದರೆ ಯಾವುದೋ ಮಣ್ಣಲ್ಲ. ಮರಳು ಹೆಚ್ಚಿದ್ದರೆ ಒಣಗಿದ ಮೇಲೆ ಉದುರುತ್ತದೆ. ಗದ್ದೆಯ ಅಂಟುಮಣ್ಣು ತನ್ನಿ, ಸ್ವಲ್ಪ ಹಳೆಯ ಸೆಗಣಿ ಬೆರೆಸಿ. ಗೋಲಿಯಷ್ಟು ಉಂಡೆ ಮಾಡಿ ಒರಟು ಹಲಗೆಗೆ ಒತ್ತಿಬಿಡಿ. ಮಾರನೆಯ ದಿನ ಉಗುರಿನಿಂದ ಕೆರೆದರೂ ಬಿಡದಿದ್ದರೆ ಅದು ಸರಿಯಾದ ಮಣ್ಣು.

ಎರಡನೆಯದು, ಬಣ್ಣ ಹೊಡೆದ ಕಬ್ಬಿಣದ ಪೈಪಿಗೆ ಮಣ್ಣು ಹಿಡಿಯುವುದಿಲ್ಲ. ನಯವಾಗಿ ಪ್ಲಾಸ್ಟರ್ ಮಾಡಿದ ಗೋಡೆಗೂ ಅಷ್ಟೇ. ಇಂಗ್ಲೆಂಡಿನವರು ಹೇಳಿದ ಹಾಗೆ ಒರಟು ಹಲಗೆ ಬಡಿಯಿರಿ, ಕೀಸುಳಿ ಹಾಕದ ಹಲಗೆ. ಮೂರನೆಯದು, ಶೀಟಿನ ಕೆಳಗೆ ಮಧ್ಯಾಹ್ನ ಕೈ ಚಾಚಿ ನೋಡಿ. ನಿಮ್ಮ ಬೆಟ್ಟ ತಂಪಿರಬಹುದು, ಏಪ್ರಿಲಿನ ಶೀಟು ತಂಪಿರುವುದಿಲ್ಲ. ಪುಕ್ಕ ಬಾರದ ಮರಿ ಬೆಂದುಹೋಗುತ್ತದೆ. ಉತ್ತರದ ಗೋಡೆಯ ಕಡೆ ಜಾಗ ಮಾಡಿ, ಅದರ ಮೇಲ್ಗಡೆ ಶೀಟಿಗೂ ಗೂಡಿಗೂ ನಡುವೆ ಒಂದು ಮರದ ಹಲಗೆ ಅಡ್ಡ ಕೊಡಿ.


ಕಣದಮನೆ, ಮಡಿಕೇರಿ (ಜನವರಿ 12)

ಮೇಸ್ತ್ರಿಯವರೇ, ನಿಮ್ಮ ಪತ್ರ ಓದಿ ಎದ್ದುಹೋಗಿ ಹಿತ್ತಿಲು ನೋಡಿ ಬಂದೆ. ಬಚ್ಚಲ ಕಾಲುವೆಗೆ ಪೈಪು ಹಾಕಿಸಿದ್ದು ನಿಜ. ನಮ್ಮ ಮನೆಯಿಂದ ಗೇಟಿನವರೆಗೆ ಈಗ ಚಪ್ಪಲಿಗೆ ಮಣ್ಣು ಹತ್ತುವ ಜಾಗವೇ ಇಲ್ಲ. ಅದನ್ನೇ ಒಂದು ಹೆಗ್ಗಳಿಕೆ ಎಂದು ಬಂದವರ ಹತ್ತಿರ ಹೇಳಿಕೊಳ್ಳುತ್ತಿದ್ದೆ.

ಸಕಲೇಶಪುರದ ಅಣ್ಣನಿಗೆ: ಪಾರ್ಚ್‌ಮೆಂಟ್ ಅಲ್ಲಿಡುವುದಿಲ್ಲ, ಮನೆಯ ಸ್ಟೋರಿನಲ್ಲಿಡುತ್ತೇವೆ. ಮೆಣಸನ್ನು ಈ ವರ್ಷ ಅಟ್ಟಕ್ಕೆ ಏರಿಸುತ್ತೇನೆ. ಯಜಮಾನರಿಗೆ ಈಗಲೇ ಹೇಳಿದರೆ ಬೆನ್ನುನೋವು ಶುರುವಾಗುತ್ತದೆ, ಆ ದಿನವೇ ಹೇಳುತ್ತೇನೆ. ಔಷಧಿ ಡಬ್ಬಗಳ ವಿಷಯ ಒಪ್ಪಿದೆ, ಅದು ನಾಳೆಯೇ ಆಗುತ್ತದೆ.

ಏನಾಯಿತೆಂದು ಬೇಸಿಗೆಯಲ್ಲಿ ಬರೆಯುತ್ತೇನೆ.


ಕಣದಮನೆ, ಮಡಿಕೇರಿ (ಮೇ 6)

ಬರೆಯುತ್ತೇನೆ ಎಂದು ಹೇಳಿದ್ದೆ, ಬರೆಯುತ್ತಿದ್ದೇನೆ. ಅರ್ಧ ಸಿಹಿ ಸುದ್ದಿ.

ಜನವರಿ ಕೊನೆಗೆ ಕೆಲಸ ಮುಗಿಸಿದೆ. ಶಟರಿನ ಮೇಲಿನ ಗಾಳಿಕಿಂಡಿಯ ಒಂದು ಬ್ಲಾಕ್ ತೆಗೆಸಿ, ಐದಕ್ಕೆ ಏಳರ ಕಿಂಡಿ ಬಿಡಿಸಿದೆ. ಅಳತೆ ಹೇಳಿದಾಗ ಕೆಲಸದ ಹುಡುಗ ಇದು ಯಾವ ಮಷೀನಿನ ಪೈಪಿಗೆ ಎಂದು ಕೇಳಿದ. ಬಿದ್ದ ಹಳೆಯ ಶೆಡ್ಡಿನ ತೊಲೆಯ ಒಂದು ತುಂಡನ್ನು ಸೌದೆ ಕೊಟ್ಟಿಗೆಯಲ್ಲಿ ಇಟ್ಟಿದ್ದೆವು. ಒಲೆಗೆ ಹಾಕಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಅದನ್ನೇ ಉತ್ತರದ ಗೋಡೆಗೆ ಬಿಗಿದು, ಎರಡು ಕಡೆ ಕರಟ ಕೂರಿಸಿ, ಮೇಲೆ ಹಲಗೆ ಕೊಟ್ಟೆವು. ತೊಲೆಯ ಮೇಲೆ ಹಳೆಯ ಗೂಡಿನ ಗುರುತು ಇನ್ನೂ ಇತ್ತು, ಒಂದು ಅರೆಚಂದ್ರದಂಥ ಮಣ್ಣಿನ ಕಲೆ.

ಮಣ್ಣಿಗೆ ಗದ್ದೆಯ ಅಂಟುಮಣ್ಣು ತರಿಸಿದೆ. ಮೇಸ್ತ್ರಿಯವರ ಗೋಲಿ ಪರೀಕ್ಷೆಯಲ್ಲಿ ಮೊದಲ ಸಲ ಫೇಲು, ಮರಳು ಜಾಸ್ತಿ. ಎರಡನೆಯ ಕಡೆಯದು ಉಗುರು ಮುರಿದರೂ ಬಿಡಲಿಲ್ಲ. ಅದನ್ನು ಹಳೆಯ ಡ್ರಮ್ಮಿನ ಮುಚ್ಚಳದಲ್ಲಿ ಹರವಿ ಕಣದ ಮೂಲೆಯಲ್ಲಿಟ್ಟು, ದಿನಾ ಬೆಳಿಗ್ಗೆ ಚೊಂಬು ನೀರು ಹಾಕಿದೆ. ಇಪ್ಪತ್ತೆರಡು ದಿನ ಹಾಕಿದೆ. ಒಂದು ಹಕ್ಕಿಯೂ ಇಳಿಯಲಿಲ್ಲ. ನಮ್ಮ ನಾಯಿ ಅದರಲ್ಲಿ ಮಲಗಿ ತಂಪು ಮಾಡಿಕೊಂಡಿತು.

ಮಾರ್ಚ್ ಮೊದಲ ವಾರ ಕೆಳಗಿನ ಎರಡು ಎಕರೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದೆವು. ಪೈಪಿನ ಒಂದು ಜೋಡಣೆ ಸೋರುತ್ತಿತ್ತು. ಕಾಲುದಾರಿಯ ಪಕ್ಕದಲ್ಲಿ ಚಾಪೆಯಷ್ಟು ಜಾಗ ಕೆಸರಾಯಿತು. ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಹಾಲಿನ ಪಾತ್ರೆ ಹಿಡಿದು ಇಳಿಯುತ್ತಿದ್ದೆ. ಕೆಸರಿನ ಮೇಲೆ ಎರಡು ಹಕ್ಕಿ! ಅಲ್ಲೇ ಕಾಫಿ ಗಿಡದ ಹಿಂದೆ ಕೂತುಬಿಟ್ಟೆ.

ಅದು ಮಣ್ಣು ತೆಗೆಯುವುದನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಅದರ ಕಾಲು ನಮ್ಮ ಬೆರಳಿನ ಗೆಣ್ಣಿನಷ್ಟು ಗಿಡ್ಡ, ರೆಕ್ಕೆ ಮೈಗಿಂತ ಉದ್ದ. ಕೆಸರಿಗೆ ಇಳಿದ ಕೂಡಲೇ ಎರಡೂ ರೆಕ್ಕೆಯನ್ನು ಬೆನ್ನಿನ ಮೇಲಕ್ಕೆ ಎತ್ತಿ ಹಿಡಿದು, ಬಾಲವನ್ನೂ ಎತ್ತಿ, ನಡುಗಿಸುತ್ತ ನಿಲ್ಲುತ್ತದೆ. ನಾಟಿ ಗದ್ದೆಗೆ ಇಳಿಯುವಾಗ ನಾವು ಸೀರೆ ಎತ್ತಿ ಕಟ್ಟಿಕೊಳ್ಳುವುದಿಲ್ಲವೇ, ಹಾಗೆ. ಕೊಕ್ಕಿನಿಂದ ಒಂದು ಕಡೆ ಚುಚ್ಚಿ ಬೇಡವೆಂದು ಬಿಟ್ಟು, ಇನ್ನೊಂದು ಕಡೆ ಚುಚ್ಚಿ, ಮೂರನೆಯ ಕಡೆ ತುಂಬಿಕೊಂಡು ಹೊರಡುತ್ತದೆ. ಬಾಯಿಯ ಎರಡು ಬದಿಗೂ ಮಣ್ಣು ಮೀಸೆಯ ಹಾಗೆ ಅಂಟಿರುತ್ತದೆ. ಒಂದು ಗಂಟೆಯಲ್ಲಿ ಇಪ್ಪತ್ತಮೂರು ಸಲ ಬಂದು ಹೋದವು. ಹಾಲು ತಡವಾಯಿತೆಂದು ಡೈರಿಯವನು ಫೋನು ಮಾಡಿದ.

ಖುಷಿಯಿಂದ ಶೆಡ್ಡಿಗೆ ಓಡಿಬಂದು ನೋಡಿದರೆ ಕರಟ ಖಾಲಿ. ತೊಲೆ ಖಾಲಿ. ಮಾರನೆಯ ದಿನ ನಿಂತು ನೋಡಿದೆ. ಹಕ್ಕಿ ಕೆಸರಿನಿಂದ ಎದ್ದು, ನೇರವಾಗಿ ನಮ್ಮ ಶೆಡ್ಡಿನ ಕಡೆಗೇ ಬಂದು, ಶೀಟಿನ ಮೇಲೆ ಹಾದು, ಬೇಲಿ ದಾಟಿ ಪಕ್ಕದ ತೋಟದವರ ಕಾರಿನ ಶೆಡ್ಡಿಗೆ ಹೋಯಿತು! ಅವರದು ಹಳೆಯ ಹೆಂಚಿನ ಮಾಡು, ಮರದ ಪಕಾಸಿ, ಬಾಗಿಲೇ ಇಲ್ಲ. ಹೋಗಿ ಕೇಳಿದೆ. ಹೌದು, ಎರಡು ಮೂರು ವರ್ಷದಿಂದ ಬರುತ್ತವೆ, ಕಟ್ಟಲು ಶುರುಮಾಡಿ ಅರ್ಧಕ್ಕೇ ಬಿಟ್ಟುಹೋಗುತ್ತಿದ್ದವು ಎಂದರು. ಈ ವರ್ಷ ಹತ್ತು ದಿನಕ್ಕೆ ಪೂರ್ತಿ ಬಟ್ಟಲು ಎದ್ದಿತು. ಮಣ್ಣು ನನ್ನದು, ಮನೆ ಅವರದು. ನನ್ನ ಕೋಳಿಯ ಪುಕ್ಕವೂ ಅಲ್ಲಿಗೇ ಹೋಗಿದೆ, ಕೆಂಚು ಹುಂಜದ್ದು. ಗುರುತು ಸಿಕ್ಕಿತು.

ಯಜಮಾನರು ಆ ಸೋರುವ ಜೋಡಣೆಗೆ ಟೇಪು ಸುತ್ತಲು ಎರಡು ಸಲ ಹೊರಟಿದ್ದರು. ಡೀಸೆಲ್ ಯಾರಪ್ಪನದು ಎಂದು ಕೇಳಿದರು. ನಿಮ್ಮ ಅಪ್ಪನದು ಎಂದು ಹೇಳಿದೆ. ಆಮೇಲೆ ಮಾತನಾಡಲಿಲ್ಲ.

ನಮ್ಮ ಶೆಡ್ಡಿನ ಕಥೆ: ಏಪ್ರಿಲಿನಲ್ಲಿ ಒಂದು ರಾತ್ರಿ ಆಲಿಕಲ್ಲು ಮಳೆ ಬಂದಾಗ ಗುದ್ದಲಿಗೆಂದು ಶಟರ್ ಎತ್ತಿ ಟಾರ್ಚು ಬಿಟ್ಟೆ. ಬಲ್ಬಿನ ತಂತಿಯ ಮೇಲೆ ಒಂದು ಹಕ್ಕಿ ಮುದುಡಿ ಕೂತಿತ್ತು. ಕಿಂಡಿಯಿಂದಲೇ ಬಂದಿರಬೇಕು. ಟಾರ್ಚು ಆರಿಸಿ, ಗುದ್ದಲಿ ತೆಗೆದುಕೊಳ್ಳದೆ ಹಿಂದಿರುಗಿದೆ. ಬೆಳಿಗ್ಗೆ ನೋಡುವಾಗ ಇರಲಿಲ್ಲ. ನೆಲದ ಮೇಲೆ ನಾಲ್ಕು ಹಿಕ್ಕೆ ಇತ್ತು. ಸಕಲೇಶಪುರದ ಅಣ್ಣ ಗಮನಿಸಬೇಕು, ಮೆಣಸು ಅಷ್ಟರಲ್ಲಿ ಅಟ್ಟದಲ್ಲಿತ್ತು.

ಈಗ ಪ್ರಶ್ನೆ. ಪಕ್ಕದವರಲ್ಲಿ ಮೂರು ಮರಿ. ಈಸಲು ಎದ್ದ ಸಂಜೆ ತಾಯಿ ತಂದೆ ಎರಡೂ ಉಸಿರು ಬಿಡದೆ ಓಡಾಡುತ್ತಿದ್ದವು. ಆದರೆ ಗೂಡಿನ ನೇರ ಕೆಳಗೆ ಅವರ ಹೊಸ ಕಾರು, ಅದೂ ಬಿಳಿಯದು. ನಿನ್ನೆ ಫೋನು ಮಾಡಿ, "ಅಕ್ಕಾ, ನಿಮ್ಮ ಹಕ್ಕಿ ನಮ್ಮ ಕಾರಿನ ಗಾಜು ತುಂಬಿಸಿದೆ" ಎಂದರು. ನನ್ನ ಹಕ್ಕಿಯಂತೆ! ಮರಿ ಇರುವಾಗ ಹಲಗೆ ಕಟ್ಟಲು ಹೋದರೆ ತಾಯಿ ಬಿಟ್ಟುಹೋದೀತೇ?


ದೂರದೂರಿನವ, ಇಂಗ್ಲೆಂಡ್ (ಮೇ 6)

ಮರಿಗೆ ಉಣಿಸುತ್ತಿರುವ ಹಕ್ಕಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದರೂ ಹಲಗೆಯನ್ನು ಹೊರಗೇ ಅಳೆದು, ಹಗ್ಗ ಕಟ್ಟಿ ಸಿದ್ಧ ಮಾಡಿಕೊಂಡು ಹೋಗಿ. ಒಳಗೆ ಸುತ್ತಿಗೆ ಬಡಿಯಬೇಡಿ. ಐದು ನಿಮಿಷದಲ್ಲಿ ಕಟ್ಟಿ ಹೊರಗೆ ಬನ್ನಿ. ರೆಕ್ಕೆ ಬಲಿತ ಮರಿಗಳಾಗಿದ್ದರೆ ಹತ್ತಿರ ಹೋಗಿ ಇಣುಕಬೇಡಿ, ಹೆದರಿ ಸಮಯಕ್ಕೆ ಮೊದಲೇ ಜಿಗಿಯುತ್ತವೆ. ಮತ್ತೆ ಮೂರಡಿ, ಮರೆಯಬೇಡಿ.


ಗಾರೆ ಕೆಲಸ, ಶಿರಸಿ (ಮೇ 7)

ಮುಚ್ಚಳದ ಮಣ್ಣಿಗೆ ಬರದೆ ಸೋರುವ ಪೈಪಿನ ಮಣ್ಣಿಗೆ ಬಂದದ್ದು ಸರಿಯಾಗಿಯೇ ಇದೆ. ಕಣದ ಮೂಲೆಯಲ್ಲಿ ನಿಮ್ಮ ನಾಯಿ, ನೀವು, ಕೋಳಿ. ಬಯಲಿನಲ್ಲಿ ನಾಲ್ಕು ಕಡೆ ಕಾಣುತ್ತದೆ, ಯಾರಾದರೂ ಬಂದರೆ ಹಾರಬಹುದು. ಇದು ನನಗೆ ಹೊಳೆಯಬೇಕಿತ್ತು.

ಪಕ್ಕದವರು ಆ ಮಾಡಿಗೆ ಶೀಟು ಹಾಕಿಸುವ ಯೋಚನೆಯಲ್ಲಿದ್ದಾರೆಯೇ ಎಂದು ಮೆಲ್ಲಗೆ ಕೇಳಿಟ್ಟುಕೊಳ್ಳಿ.


ಕಣದಮನೆ, ಮಡಿಕೇರಿ (ಮೇ 9)

ಕೇಳಿದೆ. ಇದ್ದಾರೆ. ಮುಂದಿನ ವರ್ಷ ಎಂದಿದ್ದಾರೆ. ಆ ಪಕಾಸಿಯಲ್ಲಿ ಗೂಡಿರುವ ತುಂಡನ್ನು ನನಗೆ ಕೊಡಬೇಕೆಂದು ಈಗಲೇ ಹೇಳಿಟ್ಟಿದ್ದೇನೆ.

ಹಲಗೆ ಕಟ್ಟಿ ಬಂದೆವು, ನಾಲ್ಕು ನಿಮಿಷ ಹಿಡಿಯಿತು. ತಾಯಿ ಹಕ್ಕಿ ಯಜಮಾನರ ತಲೆಯ ಮೇಲೆ ಎರಡು ಸುತ್ತು ಹಾಕಿ ಬೈದು, ನಾವು ಬೇಲಿ ದಾಟುವುದರೊಳಗೆ ಹುಳು ಹಿಡಿದುಕೊಂಡು ಒಳಗೆ ಹೋಯಿತು. ಕಾರನ್ನು ಎರಡು ಅಡಿ ಹಿಂದಕ್ಕೆ ನಿಲ್ಲಿಸಲು ಪಕ್ಕದವರು ಒಪ್ಪಿದ್ದಾರೆ. ಪೈಪಿಗೆ ಟೇಪು ಸುತ್ತುವ ಕೆಲಸವನ್ನು ಜೂನಿಗೆ ಮುಂದೂಡಲಾಗಿದೆ.